ವಿಮಾನ ಸಂಸ್ಥೆಗಳ ವಿಲೀನ ಮತ್ತು ನಮ್ಮ ಜ್ಯೇಷ್ಠತಾ ಪಟ್ಟಿ: ಕರ್ನಾಟಕದ ಸಂಸದರಿಗೆ ಒಂದು ಬಹಿರಂಗ ಪತ್ರ

ಲೋಕಸಭೆಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವ 28 ಮಂದಿ ಹಾಗೂ ರಾಜ್ಯಸಭೆಯಲ್ಲಿ ಪ್ರತಿನಿಧಿಸುವ 12 ಮಂದಿ ಮಾನ್ಯ ಸದಸ್ಯರಿಗೆ,

ಸವಿನಯ ವಂದನೆಗಳು.

ನಾನು ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಕೆಲಸ ಮಾಡುವ ಒಬ್ಬ ಪೈಲಟ್. ಹುದ್ದೆಯಿಂದ ಫಸ್ಟ್ ಆಫೀಸರ್, ಎಂದರೆ ಕಾಕ್‌ಪಿಟ್‌ನ ಬಲಗಡೆಯ ಆಸನದಲ್ಲಿ ಕೂರುವವನು. ಹನ್ನೊಂದು ವರ್ಷ ಒಂದೇ ಸಂಸ್ಥೆಯಲ್ಲಿ ದುಡಿದಿದ್ದೇನೆ. ಅಧಿವೇಶನದ ದಿನಗಳಲ್ಲಿ ತಾವು ಬೆಂಗಳೂರು–ದೆಹಲಿ ನಡುವೆ ಓಡಾಡುವವರಾದ್ದರಿಂದ ನಾನು ನಡೆಸಿದ ವಿಮಾನದಲ್ಲಿ ತಾವು ಕುಳಿತಿದ್ದಿರಲೂಬಹುದು. ನಮ್ಮ ಸಂಸ್ಥೆಯನ್ನು ಮತ್ತೊಂದು ದೊಡ್ಡ ಸಂಸ್ಥೆಯಲ್ಲಿ ವಿಲೀನಗೊಳಿಸುವ ಕೆಲಸ ಈಗ ನಡೆಯುತ್ತಿದೆ. ಎರಡರ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ನೌಕರಿಯ ಕರಾರು ಅದಕ್ಕೆ ಅಡ್ಡಿ ಎಂಬುದು ಒಂದು ಕಾರಣ. ಹೆಸರು ಬಂದೊಡನೆ ಮಾತು ಆ ಸಂಸ್ಥೆಗಳ ಒಳಿತು ಕೆಡುಕುಗಳ ಕಡೆಗೆ ಹೊರಳುತ್ತದೆ, ನಾನು ಹೇಳಬೇಕಿರುವುದಾದರೋ ಕಾನೂನಿನಲ್ಲಿ ಉಳಿದುಹೋಗಿರುವ ಒಂದು ಖಾಲಿ ಜಾಗದ ಬಗ್ಗೆ ಎಂಬುದು ಇನ್ನೊಂದು.

ನಡೆದದ್ದನ್ನು ಮೊದಲು ನಡೆದ ಹಾಗೆಯೇ ಹೇಳುತ್ತೇನೆ. ವಿಲೀನದ ವಿಷಯ ನಮಗೆ ತಿಳಿದದ್ದು ಪತ್ರಿಕೆಗಳಿಂದ. ಅದಾದ ಮೇಲೆ ದೇವನಹಳ್ಳಿ ರಸ್ತೆಯ ಹೋಟೆಲೊಂದರ ಸಭಾಂಗಣದಲ್ಲಿ ನಮ್ಮನ್ನೆಲ್ಲ ಕೂಡಿಸಿ, ಯಾರ ಕೆಲಸಕ್ಕೂ ತೊಂದರೆಯಿಲ್ಲವೆಂದೂ ಪ್ರತಿಯೊಬ್ಬರ ಸೇವೆಯನ್ನೂ ಗೌರವಿಸಲಾಗುವುದೆಂದೂ ಹೇಳಿದರು. ಕಾಫಿ ಚೆನ್ನಾಗಿತ್ತು, ಪ್ರಶ್ನೆಗಳಿಗೆ ಸಮಯವಿರಲಿಲ್ಲ. ನಾಲ್ಕು ತಿಂಗಳ ಬಳಿಕ ಇ-ಮೇಲ್‌ನಲ್ಲಿ ಹೊಸ ಕರಾರು ಪತ್ರ ಬಂತು. ಏಳು ದಿನಗಳೊಳಗೆ ಸಹಿ ಮಾಡಿ ಹಿಂದಿರುಗಿಸಬೇಕು, ಇಲ್ಲವಾದರೆ ಹೊಸ ಸಂಸ್ಥೆಯ ತರಬೇತಿಗೆ ಹೆಸರನ್ನು ಪರಿಗಣಿಸಲಾಗುವುದಿಲ್ಲ ಎಂದು ಅದರ ಕೊನೆಯ ಸಾಲಿನಲ್ಲಿತ್ತು. ಮತ್ತೆರಡು ತಿಂಗಳು ಕಳೆದು ಎರಡೂ ಸಂಸ್ಥೆಗಳ ಪೈಲಟ್‌ಗಳನ್ನು ಸೇರಿಸಿ ಮಾಡಿದ ಜ್ಯೇಷ್ಠತಾ ಪಟ್ಟಿ ಬಂತು. ಹಳೆಯ ಪಟ್ಟಿಯಲ್ಲಿ ನನ್ನ ಸಂಖ್ಯೆ 112 ಇತ್ತು. ಹೊಸದರಲ್ಲಿ 871. ಯಾವ ಸೂತ್ರದಿಂದ ಈ ಸಂಖ್ಯೆ ಬಂತು ಎಂಬುದಕ್ಕೆ ಪಟ್ಟಿಯಲ್ಲಿ ಒಂದು ಸಾಲಿನ ವಿವರಣೆಯೂ ಇರಲಿಲ್ಲ. ಕೇಳಿದ್ದಕ್ಕೆ, ಇದು ವಾಣಿಜ್ಯ ನಿರ್ಧಾರ ಎಂದು ಉತ್ತರ ಬಂತು. ನಾವೇ ಹೆಸರುಗಳ ಮುಂದೆ ವರ್ಷಗಳನ್ನು ಬರೆದು ನೋಡಿದಾಗ ಸೂತ್ರ ಗೊತ್ತಾಯಿತು: ನಮ್ಮ ಸಂಸ್ಥೆಯ ಫಸ್ಟ್ ಆಫೀಸರ್‌ಗಳೆಲ್ಲರೂ ವಿಲೀನದ ದಿನದಂದೇ ಹೊಸದಾಗಿ ಕೆಲಸಕ್ಕೆ ಸೇರಿದವರೆಂದು ಎಣಿಸಿ, ಅವರ ಸಂಸ್ಥೆಯ ಕಟ್ಟಕಡೆಯ ಫಸ್ಟ್ ಆಫೀಸರ್‌ನ ಕೆಳಗೆ ನಮ್ಮನ್ನು ಇಟ್ಟಿದ್ದರು.

ಜ್ಯೇಷ್ಠತಾ ಪಟ್ಟಿ ಎಂದರೇನೆಂದು ಸರ್ಕಾರಿ ನೌಕರರ ನಾಡಾದ ಕರ್ನಾಟಕದಲ್ಲಿ ವಿವರಿಸುವ ಅಗತ್ಯವಿಲ್ಲ. ಆದರೂ ಪೈಲಟ್‌ನ ಬದುಕಿನಲ್ಲಿ ಅದರ ಹಿಡಿತ ಎಷ್ಟೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ನಮ್ಮಲ್ಲಿ ಬಲಗಡೆಯ ಆಸನದಿಂದ ಎಡಗಡೆಯ ಆಸನಕ್ಕೆ, ಅಂದರೆ ಕ್ಯಾಪ್ಟನ್ ಹುದ್ದೆಗೆ, ಯಾರು ಯಾವಾಗ ಹೋಗಬೇಕೆಂಬುದನ್ನು ಆ ಸಂಖ್ಯೆ ನಿರ್ಧರಿಸುತ್ತದೆ. ದೊಡ್ಡ ವಿಮಾನಕ್ಕೆ ಯಾರು, ಬೆಂಗಳೂರು ಬೇಸ್, ಎಂದರೆ ಕೆಲಸದ ನೆಲೆ, ಯಾರಿಗೆ, ದೀಪಾವಳಿಯ ರಜೆ ಯಾರಿಗೆ, ಕಂಪನಿ ಕುಗ್ಗಿದಾಗ ಮೊದಲು ಮನೆಗೆ ಹೋಗುವವರು ಯಾರು ಎಂಬ ಎಲ್ಲವೂ ಅದರಿಂದಲೇ ಹುಟ್ಟುತ್ತವೆ. ಇದರ ಇನ್ನೊಂದು ಗುಣವನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸಿರುವುದಿಲ್ಲ. ಎಂಜಿನಿಯರ್ ಒಬ್ಬ ಕಂಪನಿ ಬದಲಿಸಿದರೆ ಅನುಭವದ ಜೊತೆಗೆ ಹುದ್ದೆಯನ್ನೂ ಏರಿಸಿಕೊಂಡು ಹೋಗುತ್ತಾನೆ. ಫಸ್ಟ್ ಆಫೀಸರ್ ಕಂಪನಿ ಬದಲಿಸಿದರೆ ಸಾವಿರಾರು ಗಂಟೆಗಳ ಹಾರಾಟ ಪುಸ್ತಕದಲ್ಲಿ ಉಳಿದರೂ ಸಾಲಿನ ಕೊನೆಯಲ್ಲಿ ಹೋಗಿ ನಿಲ್ಲಬೇಕಾಗುತ್ತದೆ. ಆದ್ದರಿಂದಲೇ ನಾವು ಒಂದೇ ಕಡೆ ವರ್ಷಗಟ್ಟಲೆ ಕಾಯುತ್ತೇವೆ. ನನಗೆ ಕ್ಯಾಪ್ಟನ್ ಆಗಲು ಬೇಕಾದ ಕಮಾಂಡ್ ತರಬೇತಿಯ ಸರದಿ ಮುಂದಿನ ವರ್ಷ ಬರುವುದಿತ್ತು. ಈಗಿನ ಸಂಖ್ಯೆಯ ಪ್ರಕಾರ ಅದು ಎಂದು ಬಂದೀತೆಂದು ಯಾರೂ ಹೇಳುತ್ತಿಲ್ಲ.

ಇಷ್ಟು ಓದಿದವರು, ಲಕ್ಷಗಟ್ಟಲೆ ಸಂಬಳ ಪಡೆಯುವವರಿಗೆ ಇದೆಂಥ ದೂರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಾನಿರುವ ಬಡಾವಣೆಯ ಬಹುಪಾಲು ಜನರಿಗಿಂತ ನನ್ನ ಸಂಪಾದನೆ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಬೇಕಾದ 200 ಗಂಟೆಗಳ ಹಾರಾಟಕ್ಕೂ ಆಮೇಲೆ ಒಂದು ಬಗೆಯ ವಿಮಾನವನ್ನು ನಡೆಸಲು ಬೇಕಾದ ಟೈಪ್ ರೇಟಿಂಗ್‌ಗೂ ನನ್ನ ತಂದೆ ಧಾರವಾಡದ ಮನೆಯನ್ನು ಬ್ಯಾಂಕಿಗೆ ಒತ್ತೆ ಇಟ್ಟಿದ್ದರು, ಆ ಸಾಲ ತೀರಿದ್ದು ಮೂರು ವರ್ಷಗಳ ಹಿಂದಷ್ಟೇ ಎಂಬುದನ್ನೂ ಹೇಳಬೇಕು. ಸಾಮಾನು ಏರಿಸುವ ಲೋಡರ್‌ಗಳಿಗೆ, ಚೆಕ್-ಇನ್ ಕೌಂಟರಿನ ಹುಡುಗ ಹುಡುಗಿಯರಿಗೆ ವಿಲೀನದಿಂದ ಆಗುವ ಹಾನಿ ನಮಗಿಂತ ಹೆಚ್ಚಿರಬಹುದು. ನನಗೆ ತಿಳಿದಿರುವುದು ಕಾಕ್‌ಪಿಟ್, ಹಾಗಾಗಿ ಅದರ ಬಗ್ಗೆ ಬರೆಯುತ್ತಿದ್ದೇನೆ. ಕೊಟ್ಟ ಮಾತು ಹೆಚ್ಚು ಸಂಬಳದವನಿಗೆ ಕೊಟ್ಟದ್ದಾದರೂ ಕೊಟ್ಟದ್ದೇ ಅಲ್ಲವೆ?

ಸಂಬಳದ ವಿಷಯಕ್ಕೆ ಬರುತ್ತೇನೆ. ಪೈಲಟ್‌ನ ಸಂಬಳದಲ್ಲಿ ಮುಖ್ಯವಾದದ್ದು ಖಾತರಿ ಗಂಟೆಗಳು. ತಿಂಗಳಿಗೆ ಇಷ್ಟು ಗಂಟೆಗಳ ಹಣವನ್ನು ಹಾರಿದರೂ ಹಾರದಿದ್ದರೂ ಕಂಪನಿ ಕೊಡುತ್ತದೆ. ಅದನ್ನು ಮೀರಿ ಹಾರಿದರೆ ಗಂಟೆಯ ಲೆಕ್ಕದಲ್ಲಿ ಬೇರೆ ಹಣ. ಮಂಜು ಮುಸುಕಿ ವಿಮಾನ ರದ್ದಾದರೆ, ಎಂಜಿನ್ ಸಿಗದೆ ವಿಮಾನ ನೆಲ ಹಿಡಿದರೆ (2023ರಲ್ಲಿ ಈ ದೇಶದಲ್ಲಿ ಅದು ಎಷ್ಟಾಯಿತೆಂದು ತಮಗೆ ಗೊತ್ತಿದೆ), ನಮ್ಮ ಮನೆಯ ಕಂತು ನಿಲ್ಲದಂತೆ ಕಾಯುವುದು ಈ ಖಾತರಿ. ಹೊಸ ಕರಾರಿನಲ್ಲಿ ಅದನ್ನು ಮೂರರಲ್ಲೊಂದು ಪಾಲು ಇಳಿಸಿ, ಮೀರಿದ ಗಂಟೆಗಳ ದರವನ್ನು ತುಸು ಏರಿಸಿದ್ದಾರೆ. ಕಾಗದದ ಮೇಲೆ ಒಟ್ಟು ಮೊತ್ತ ಅಷ್ಟಿಷ್ಟು ಸರಿಹೊಂದುವಂತೆ ಕಾಣುತ್ತದೆ. ಆದರೆ ಆ ಮೊತ್ತವನ್ನು ಮುಟ್ಟಬೇಕಾದರೆ ತಿಂಗಳು ತಿಂಗಳೂ ಹೆಚ್ಚು ಹಾರಬೇಕು, ಮತ್ತು ಎಷ್ಟು ಹಾರಬೇಕೆಂಬುದು ರೋಸ್ಟರ್ (ಹಾರಾಟದ ಸರದಿ ಪಟ್ಟಿ) ಮಾಡುವವರ ಕೈಯಲ್ಲಿದೆ. ವರ್ಷಕ್ಕೆ 1000 ಗಂಟೆಗಳ ಮಿತಿಯನ್ನು ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಹಾಕಿರುವುದು ದಣಿವಿನ ಕಾರಣಕ್ಕೆ. ಕಂಪನಿಗಳು ಅದನ್ನು ಗುರಿಯೆಂದು ಓದಿಕೊಳ್ಳುವ ಕಾಲ ಬಂದಿದೆ. ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸುವ ನಿಯಮವನ್ನು ನಿಯಂತ್ರಕರು ತಂದಿರುವ ಹೊತ್ತಿನಲ್ಲೇ, ದಣಿದಷ್ಟೂ ದುಡ್ಡು ಎಂಬ ಕರಾರನ್ನು ನಮ್ಮ ಮುಂದಿಟ್ಟಿದ್ದಾರೆ.

ಒಪ್ಪದಿದ್ದರೆ ಬಿಟ್ಟು ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಹೋಗಲಾಗುವುದಿಲ್ಲ. 2017ರಲ್ಲಿ ಡಿಜಿಸಿಎ ಹೊರಡಿಸಿದ ನಿಯಮದ ಪ್ರಕಾರ ಕ್ಯಾಪ್ಟನ್ ಒಂದು ವರ್ಷದ, ಫಸ್ಟ್ ಆಫೀಸರ್ ಆರು ತಿಂಗಳ ನೋಟಿಸ್ ಕೊಡಬೇಕು. ಪೈಲಟ್‌ಗಳು ಏಕಾಏಕಿ ಬಿಟ್ಟುಹೋದರೆ ಪ್ರಯಾಣಿಕರಿಗೆ ತೊಂದರೆ ಎಂಬುದು ಇದಕ್ಕೆ ಕೊಟ್ಟ ಕಾರಣ, ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನಾನು ಹೊರಡಲು ಆರು ತಿಂಗಳು ಬೇಕು, ನನ್ನ ಸಂಬಳದ ಕರಾರನ್ನು ಬದಲಿಸಲು ಕಂಪನಿಗೆ ಏಳು ದಿನ ಸಾಕು ಎಂಬ ಈ ತಕ್ಕಡಿಯನ್ನು ತಾವೇ ಒಮ್ಮೆ ಎತ್ತಿ ನೋಡಬೇಕು. ಒಂದು ತಟ್ಟೆಯಲ್ಲಿ ಸರ್ಕಾರವೇ ಕಲ್ಲು ಇಟ್ಟಿದೆ.

ಇನ್ನು ಕಾನೂನು. ಎರಡು ಕಂಪನಿಗಳು ಒಂದಾಗಬೇಕಾದರೆ 2013ರ ಕಂಪನಿ ಕಾಯಿದೆಯ 230ರಿಂದ 232ರವರೆಗಿನ ಕಲಂಗಳ ಅಡಿಯಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಒಪ್ಪಿಗೆ ಬೇಕು. ಕೇಂದ್ರ ಸರ್ಕಾರಕ್ಕೆ, ಆದಾಯ ತೆರಿಗೆ ಇಲಾಖೆಗೆ, ಆಯಾ ಕ್ಷೇತ್ರದ ನಿಯಂತ್ರಕರಿಗೆ ನೋಟಿಸ್ ಹೋಗಬೇಕು. ಸ್ಪರ್ಧಾ ಆಯೋಗವು ಮಾರುಕಟ್ಟೆಯ ದೃಷ್ಟಿಯಿಂದ ಪರಿಶೀಲಿಸುತ್ತದೆ. ಡಿಜಿಸಿಎಯು ಪರವಾನಗಿ, ಕೈಪಿಡಿ, ತರಬೇತಿಗಳನ್ನು ನೋಡುತ್ತದೆ. 232ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ: ವಿಲೀನದಿಂದ ಯಾರ ಮೇಲೆ ಏನು ಪರಿಣಾಮವಾಗುತ್ತದೆಂದು ನಿರ್ದೇಶಕರು ಒಂದು ವರದಿ ಕೊಡಬೇಕು. ಯಾರ ಮೇಲೆ? ಪ್ರತಿಯೊಂದು ವರ್ಗದ ಷೇರುದಾರರ ಮೇಲೆ, ಪ್ರವರ್ತಕರ ಮೇಲೆ, ಪ್ರಮುಖ ಆಡಳಿತ ಅಧಿಕಾರಿಗಳ ಮೇಲೆ. ಷೇರು ವಿನಿಮಯದ ಅನುಪಾತವನ್ನು ಅದರಲ್ಲಿ ವಿಶೇಷವಾಗಿ ತಿಳಿಸಬೇಕು. ಅಂದರೆ ನನ್ನ ಸಂಸ್ಥೆಯಲ್ಲಿ ನೂರು ಷೇರು ಹೊಂದಿದವನಿಗೆ ಹೊಸ ಸಂಸ್ಥೆಯಲ್ಲಿ ಎಷ್ಟು ಷೇರು ಸಿಗಬೇಕೆಂಬುದನ್ನು ಮೌಲ್ಯಮಾಪಕರು ಲೆಕ್ಕ ಹಾಕಿ, ಕಾಗದದಲ್ಲಿ ಬರೆದು, ನ್ಯಾಯಮಂಡಳಿಯ ಮುಂದಿಡುತ್ತಾರೆ; ಹನ್ನೊಂದು ವರ್ಷ ದುಡಿದವನಿಗೆ ಹೊಸ ಸಂಸ್ಥೆಯಲ್ಲಿ ಎಷ್ಟು ವರ್ಷ ಸಿಗಬೇಕೆಂಬ ಲೆಕ್ಕವನ್ನು ಯಾರೂ ಯಾರ ಮುಂದೆಯೂ ಇಡಬೇಕಿಲ್ಲ.

ಉದ್ಯಮವೊಂದು ಕೈ ಬದಲಾಯಿಸಿದಾಗ ಕಾರ್ಮಿಕರ ಸೇವಾ ಷರತ್ತುಗಳು ಹಿಂದಿಗಿಂತ ಕೀಳಾಗಬಾರದು, ಇಲ್ಲವಾದರೆ ಪರಿಹಾರ ಕೊಡಬೇಕು ಎಂದು ಹಳೆಯ ಕೈಗಾರಿಕಾ ವಿವಾದಗಳ ಕಾಯಿದೆಯ 25ಎಫ್‌ಎಫ್ ಕಲಂ ಹೇಳುತ್ತಿತ್ತು. ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೇ ಅರ್ಥದ ಮಾತಿದೆ. ನಮಗೆ ಅಷ್ಟು ಸಾಲದೆ ಎಂದರೆ, ಸಾಲದು. ಪೈಲಟ್ ಕಾರ್ಮಿಕನೋ ಅಲ್ಲವೋ ಎಂಬ ತಕರಾರನ್ನು ಕಂಪನಿಗಳು ಮೊದಲು ಎತ್ತುತ್ತವೆ, ಅದಕ್ಕೇ ವರ್ಷಗಳು ಹಿಡಿಯುತ್ತವೆ. ಅದು ಬಗೆಹರಿದರೂ ಈ ಕಲಂ ನೋಡುವುದು ಒಬ್ಬನ ಸಂಬಳ ಸಾರಿಗೆಯನ್ನು. ಜ್ಯೇಷ್ಠತೆ ಎಂಬುದು ಒಬ್ಬನಿಗೆ ಸೇರಿದ ವಸ್ತುವಲ್ಲ. ಮತ್ತೊಬ್ಬನ ಮುಂದೆಯೋ ಹಿಂದೆಯೋ ಎಂಬುದೇ ಅದರ ಅರ್ಥ. ಎರಡು ಸಾಲುಗಳನ್ನು ಹೆಣೆಯುವ ವಿಧಾನದ ಬಗ್ಗೆ ಅಲ್ಲಿ ಏನೂ ಇಲ್ಲ.

ಹೆಣೆಯುವುದು ಸುಲಭವೆಂದು ನಾನು ಹೇಳುತ್ತಿಲ್ಲ. ಇಲ್ಲಿ ನನ್ನ ಸಹೋದ್ಯೋಗಿಗಳಿಗೇ ಇಷ್ಟವಾಗದ ಒಂದು ಮಾತನ್ನು ಬರೆಯಬೇಕಾಗಿದೆ. ನಮ್ಮಲ್ಲಿ ಹಲವರು ಕೇಳುತ್ತಿರುವುದು ಸೇರಿದ ದಿನಾಂಕದ ಪ್ರಕಾರ ಪಟ್ಟಿ. ನಮ್ಮದು ಹಳೆಯ ಸಂಸ್ಥೆ, ನಿಧಾನವಾಗಿ ಬೆಳೆದದ್ದು. ಅವರದು ಹೊಸದು, ವರ್ಷ ವರ್ಷವೂ ವಿಮಾನಗಳನ್ನು ತರಿಸಿಕೊಂಡು ಬೆಳೆದದ್ದು. ಅಲ್ಲಿ ಆರು ವರ್ಷಕ್ಕೆ ಕ್ಯಾಪ್ಟನ್ ಆದವರಿದ್ದಾರೆ. ದಿನಾಂಕವನ್ನಷ್ಟೇ ನೋಡಿದರೆ ಬಲಗಡೆಯಲ್ಲಿ ಕೂರುವ ನಾನು ಎಡಗಡೆಯಲ್ಲಿ ಕೂರುವ ಆ ಕ್ಯಾಪ್ಟನ್‌ಗಿಂತ ಪಟ್ಟಿಯಲ್ಲಿ ಮೇಲಾಗುತ್ತೇನೆ. ಅದೂ ಸರಿಯೆಂದು ನನಗೆ ಅನ್ನಿಸುವುದಿಲ್ಲ. ಕ್ಯಾಪ್ಟನ್‌ಗಳನ್ನು ಕ್ಯಾಪ್ಟನ್‌ಗಳೊಡನೆ, ಫಸ್ಟ್ ಆಫೀಸರ್‌ಗಳನ್ನು ಫಸ್ಟ್ ಆಫೀಸರ್‌ಗಳೊಡನೆ ಅನುಪಾತದಲ್ಲಿ ಹೆಣೆಯುವ ದಾರಿಯೊಂದಿದೆ. ಕೆಲವು ವರ್ಷಗಳ ಮಟ್ಟಿಗೆ ಇಂಥ ವಿಮಾನ, ಇಂಥ ಬೇಸ್ ಹಳೆಯ ಸಂಸ್ಥೆಯವರಿಗೇ ಎಂದು ಬೇಲಿ ಹಾಕಿ ಕಾಯುವ ದಾರಿಯೂ ಇದೆ. ಎರಡನ್ನೂ ಬೆರೆಸಬಹುದು. ಯಾವುದು ಸರಿ ಎಂಬುದಕ್ಕಿಂತ ಅದನ್ನು ಯಾರು ಹೇಳಬೇಕು ಎಂಬುದು ದೊಡ್ಡ ಪ್ರಶ್ನೆ. ನಾವು ಹೇಳಿದರೆ ನಮ್ಮ ಕಡೆಗೆ ವಾಲುತ್ತದೆ, ಅವರು ಹೇಳಿದರೆ ಅವರ ಕಡೆಗೆ. ಕಂಪನಿ ಹೇಳಿದರೆ ಯಾವುದು ಅಗ್ಗವೋ ಆ ಕಡೆಗೆ.

ಅಮೆರಿಕದಲ್ಲಿ 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಸಂಸ್ಥೆಗಳು ಸೇರಿದಾಗ ಇದೇ ಸಿಕ್ಕು ಎದುರಾಯಿತು. ಒಂದು ಹಳೆಯದು, ಇನ್ನೊಂದು ಹೊಸದು. 2007ರಲ್ಲಿ ಜಾರ್ಜ್ ನಿಕೋಲಾವು ಎಂಬ ಮಧ್ಯಸ್ಥಗಾರರು ಪಟ್ಟಿ ಕೊಟ್ಟರು. ಹಳೆಯ ಸಂಸ್ಥೆಯಲ್ಲಿ 17 ವರ್ಷ ಕಳೆದು ಆಗ ಕೆಲಸವಿಲ್ಲದೆ ಮನೆಯಲ್ಲಿದ್ದ ಪೈಲಟ್, ಹೊಸದರಲ್ಲಿ ಕೆಲವೇ ತಿಂಗಳ ಹಿಂದೆ ಸೇರಿದವನ ಕೆಳಗೆ ಬಂದ. ಸೋತವರು ಹಳೆಯ ಸಂಘವನ್ನೇ ಉರುಳಿಸಿ 2008ರಲ್ಲಿ ಬೇರೆ ಸಂಘ ಕಟ್ಟಿದರು. ಒಂದೇ ಹೆಸರಿನ ಕಂಪನಿಯಲ್ಲಿ ಎರಡು ಪಾಳಯದ ಪೈಲಟ್‌ಗಳು ವರ್ಷಗಟ್ಟಲೆ ಬೇರೆ ಬೇರೆಯಾಗಿಯೇ ಹಾರಿದರು. ಕೊನೆಗೆ ಆ ಸಂಸ್ಥೆ ಅಮೆರಿಕನ್ ಏರ್‌ಲೈನ್ಸ್‌ನೊಂದಿಗೆ ಸೇರಿದ ಮೇಲೆ, 2016ರಲ್ಲಿ ಒಂದು ಪಟ್ಟಿಯಾಯಿತು. ಮಧ್ಯಸ್ಥಿಕೆ ಇದ್ದರೆ ಸಾಕು ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮಧ್ಯಸ್ಥಿಕೆಯೇ ಇಲ್ಲದೆ ನಡೆದದ್ದು ಅದಕ್ಕಿಂತ ಕೆಟ್ಟದ್ದಾಗಿತ್ತು, ನಾನು ತಮ್ಮ ಗಮನಕ್ಕೆ ತರಬೇಕೆಂದಿರುವುದು ಅದನ್ನು.

2001ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ ಬೇರೂರಿದ್ದ ಟಿಡಬ್ಲ್ಯುಎ ಸಂಸ್ಥೆಯನ್ನು ಕೊಂಡಿತು. ಅಲ್ಲಿನ ಪೈಲಟ್‌ಗಳಲ್ಲಿ ದೊಡ್ಡ ಪಾಲನ್ನು ಪಟ್ಟಿಯ ತಳಕ್ಕೆ ಹೊಲಿದರು. ಅದೇ ವರ್ಷ ಸೆಪ್ಟೆಂಬರ್ ದಾಳಿಯ ನಂತರ ವಿಮಾನಯಾನ ಕುಸಿದು ಜನರನ್ನು ತೆಗೆಯಬೇಕಾಗಿ ಬಂದಾಗ ತಳದಲ್ಲಿದ್ದವರೇ ಮೊದಲು ಹೊರಬಿದ್ದರು. ಅದನ್ನು ಕಂಡ ಮಿಸೌರಿಯ ಇಬ್ಬರು ಸೆನೆಟರ್‌ಗಳು, ಡೆಮಾಕ್ರಟಿಕ್ ಪಕ್ಷದ ಕ್ಲೇರ್ ಮೆಕ್‌ಕ್ಯಾಸ್ಕಿಲ್ ಮತ್ತು ರಿಪಬ್ಲಿಕನ್ ಪಕ್ಷದ ಕಿಟ್ ಬಾಂಡ್, ಒಟ್ಟಾಗಿ 2007ರಲ್ಲಿ ಒಂದು ತಿದ್ದುಪಡಿ ತಂದರು. ವಿಮಾನ ಸಂಸ್ಥೆಗಳು ಸೇರಿದಾಗ ಜ್ಯೇಷ್ಠತೆಯ ಪಟ್ಟಿಗಳನ್ನು ನ್ಯಾಯವಾಗಿ, ಸಮಂಜಸವಾಗಿ ಕೂಡಿಸಬೇಕು; ಮಾತುಕತೆಯಲ್ಲಿ ಒಮ್ಮತವಾಗದಿದ್ದರೆ ಇಬ್ಬರೂ ಒಪ್ಪಲೇಬೇಕಾದ ಮಧ್ಯಸ್ಥಿಕೆಗೆ ಹೋಗಬೇಕು ಎಂಬುದು ಅದರ ಸಾರ. ಪಕ್ಷ ಬೇರೆಯಾದರೂ ರಾಜ್ಯ ಒಂದೇ ಆಗಿತ್ತು. ಕೇಂದ್ರ ಸಚಿವರಿಗೆ ಬರೆಯುವುದನ್ನು ಬಿಟ್ಟು ತಮಗೆ, ಅದೂ ಕನ್ನಡದಲ್ಲಿ, ಬರೆಯುತ್ತಿರುವುದಕ್ಕೆ ಇದೇ ಕಾರಣ.

ಹೊರದೇಶದ ಮಾತು ಏಕೆ ಎನ್ನುವವರಿಗೆ ನಮ್ಮಲ್ಲೇ ಉದಾಹರಣೆಯಿದೆ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಮೊದಲು ಕಂಪನಿ, ಆಮೇಲೆ ಪಟ್ಟಿ ಎಂದರು. 2011ರ ಏಪ್ರಿಲ್–ಮೇ ತಿಂಗಳಲ್ಲಿ ಹಿಂದಿನ ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್‌ಗಳು ಸಮಾನ ವೇತನಕ್ಕಾಗಿ ಮುಷ್ಕರ ಹೂಡಿದರು. ಎರಡೂ ಕಡೆಯ ನೌಕರರನ್ನು ಕೂಡಿಸುವ ಬಗ್ಗೆ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ ನೇಮಕವಾದದ್ದು ಆ ವರ್ಷ, ವರದಿ ಕೊಟ್ಟದ್ದು 2012ರ ಜನವರಿಯಲ್ಲಿ, ಅಂದರೆ ವಿಲೀನವಾಗಿ ನಾಲ್ಕು ವರ್ಷ ದಾಟಿದ ಮೇಲೆ. ಅದೇ 2012ರ ಮೇ ತಿಂಗಳಲ್ಲಿ ಇನ್ನೊಂದು ಪಾಳಯ, ಹಿಂದಿನ ಏರ್ ಇಂಡಿಯಾದ ಪೈಲಟ್‌ಗಳು, ಡ್ರೀಮ್‌ಲೈನರ್ ವಿಮಾನದ ತರಬೇತಿ ಮತ್ತು ಬಡ್ತಿಯಲ್ಲಿ ತಮಗೆ ಅನ್ಯಾಯವಾಗುತ್ತಿದೆಯೆಂದು ಕೆಲಸ ಬಿಟ್ಟು ಕುಳಿತರು. ಆ ಮುಷ್ಕರ 58 ದಿನ ನಡೆಯಿತು. ಒಮ್ಮೆ ಸಂಬಳಕ್ಕೆ ಒಬ್ಬರು, ಇನ್ನೊಮ್ಮೆ ಜ್ಯೇಷ್ಠತೆಗೆ ಮತ್ತೊಬ್ಬರು. ನಿಲ್ದಾಣದ ನೆಲದ ಮೇಲೆ ಮಲಗಿದವರು ಮಾತ್ರ ಎರಡು ಸಲವೂ ಪ್ರಯಾಣಿಕರು. 2024ರ ಏಪ್ರಿಲ್‌ನಲ್ಲಿ ವಿಲೀನದ ಹೊಸ್ತಿಲಲ್ಲಿದ್ದ ವಿಸ್ತಾರ ಸಂಸ್ಥೆ ಪೈಲಟ್‌ಗಳ ಕೊರತೆಯಿಂದ ದಿನಕ್ಕೆ 25–30 ವಿಮಾನಗಳನ್ನು ಕಡಿತಗೊಳಿಸಬೇಕಾಗಿ ಬಂದಾಗಲೂ, ಹೊಸ ವೇತನ ಕರಾರಿನ ಬಗೆಗಿನ ಅಸಮಾಧಾನ ಸುದ್ದಿಯಲ್ಲಿತ್ತು.

ಆದರೆ ಈ ಪತ್ರವನ್ನು ನನ್ನಿಂದ ಬರೆಸಿದ್ದು ಅಮೆರಿಕವೂ ಅಲ್ಲ, ದೆಹಲಿಯೂ ಅಲ್ಲ. ನನ್ನ ಅಜ್ಜ. ಅವರು ಧಾರವಾಡ ಜಿಲ್ಲೆಯ ಮಾಮಲೇದಾರ ಕಚೇರಿಯೊಂದರಲ್ಲಿ ಮುಂಬಯಿ ಸರ್ಕಾರದ ಕಾರಕೂನರಾಗಿದ್ದರು. 1956ರ ನವೆಂಬರ್ 1ರಂದು ಬೆಳಗಾಗುವಷ್ಟರಲ್ಲಿ ಮೈಸೂರು ಸರ್ಕಾರದ ನೌಕರರಾಗಿದ್ದರು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂಬ ಐದು ಆಡಳಿತಗಳ ನೌಕರರು ಒಂದೇ ಮನೆಗೆ ಬಂದ ದಿನ ಅದು. ಮೈಸೂರಿನ ಅಮಲ್ದಾರ, ಮುಂಬಯಿಯ ಮಾಮಲೇದಾರ, ಹೈದರಾಬಾದಿನ ತಹಸೀಲ್ದಾರ ಇವರಲ್ಲಿ ಯಾರು ಯಾರಿಗೆ ಸಮ? ಒಂದು ಕಡೆ ಬೇಗ ಬಡ್ತಿ, ಇನ್ನೊಂದು ಕಡೆ ತಡ. ಒಂದು ಕಡೆ ಸಂಬಳ ಹೆಚ್ಚು, ಇನ್ನೊಂದು ಕಡೆ ಕಡಿಮೆ. ನಾನು ಮೇಲೆ ಹೇಳಿದ ಸಿಕ್ಕಿಗೂ ಇದಕ್ಕೂ ವ್ಯತ್ಯಾಸವೇನಿದೆ? ಆಗ ಸಂಸತ್ತು ಏನು ಮಾಡಿತೆಂಬುದನ್ನು ನೋಡಬೇಕು. ರಾಜ್ಯಗಳ ಪುನರ್ವಿಂಗಡಣಾ ಕಾಯಿದೆಯ 115ನೆಯ ಕಲಮಿನಲ್ಲಿ, ಸೇವೆಗಳ ಏಕೀಕರಣದಿಂದ ಬಾಧಿತರಾದ ಎಲ್ಲರಿಗೂ ನ್ಯಾಯವಾದ, ಸಮಂಜಸವಾದ ನಡವಳಿಕೆ ಸಿಗುವಂತೆ ನೋಡಿಕೊಳ್ಳಲು ಸಲಹಾ ಸಮಿತಿಗಳನ್ನು ನೇಮಿಸಬಹುದೆಂದು ಬರೆಯಿತು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ನೌಕರರ ಸೇವಾ ಷರತ್ತುಗಳನ್ನು ಅವರಿಗೆ ಹಾನಿಯಾಗುವಂತೆ ಬದಲಿಸಬಾರದೆಂದೂ ಬರೆಯಿತು. ಮಿಸೌರಿಯ ಸೆನೆಟರ್‌ಗಳ ತಿದ್ದುಪಡಿಯಲ್ಲಿರುವ ಆ ಎರಡು ಪದಗಳನ್ನು ನಮ್ಮ ಸಂಸತ್ತು ಅವರಿಗಿಂತ ಅರ್ಧ ಶತಮಾನ ಮೊದಲೇ ಬರೆದಿತ್ತು.

ಅಂತರರಾಜ್ಯ ಜ್ಯೇಷ್ಠತಾ ಪಟ್ಟಿಯ ತಕರಾರುಗಳು ಹೈಕೋರ್ಟಿನಲ್ಲಿ ಎಷ್ಟು ವರ್ಷ ನಡೆದವೆಂದು ಹಳಬರಿಗೆ ಗೊತ್ತು. ಅಜ್ಜನಿಗೂ ಕೆಲವು ಮೆಟ್ಟಿಲು ತಪ್ಪಿದವು. ಅವರು ನಿವೃತ್ತಿಯವರೆಗೂ ಅದನ್ನು ಹೇಳಿಕೊಳ್ಳುತ್ತಿದ್ದರು, ಕೇಳಿ ಕೇಳಿ ನಾವು ನಗುತ್ತಿದ್ದೆವು. ಈಚೆಗೆ ಅವರ ಟ್ರಂಕಿನಲ್ಲಿ ಆ ಕಾಗದಗಳನ್ನು ನೋಡಿದೆ. ತಾತ್ಕಾಲಿಕ ಪಟ್ಟಿಯ ಪ್ರತಿ, ಅದರಲ್ಲಿ ತಮ್ಮ ಹೆಸರಿನ ಕೆಳಗೆ ಎಳೆದ ಕೆಂಪು ಗೆರೆ, ಆಕ್ಷೇಪಣೆ ಸಲ್ಲಿಸಲು ಕೊಟ್ಟ ಗಡುವು, ಆಕ್ಷೇಪಣೆಯ ನಕಲು, ಅದು ತಲುಪಿದ್ದಕ್ಕೆ ಸ್ವೀಕೃತಿ, ಕೊನೆಗೆ ತಿರಸ್ಕರಿಸಿದ್ದಕ್ಕೆ ಕಾರಣ ಬರೆದ ಹಿಂಬರಹ. ಸೋತರು, ನಿಜ. ಆದರೆ ಏಕೆ ಸೋತೆನೆಂದು ಅವರಿಗೆ ಒಬ್ಬ ಅಧಿಕಾರಿ ಸಹಿ ಮಾಡಿ ತಿಳಿಸಿದ್ದ. ಎಪ್ಪತ್ತು ವರ್ಷಗಳಾಗುತ್ತ ಬಂದ ಮೇಲೆ ಅವರ ಮೊಮ್ಮಗನಿಗೆ ಸಿಕ್ಕಿರುವುದು ವಾಣಿಜ್ಯ ನಿರ್ಧಾರ ಎಂಬ ಎರಡು ಪದ.

ಇದರ ಪರಿಣಾಮ ಕಾಕ್‌ಪಿಟ್‌ನಲ್ಲಿ ಹೇಗಿರುತ್ತದೆಂಬುದನ್ನೂ ಹೇಳಬೇಕು. ಹೆದರಿಸುವುದಕ್ಕಾಗಿ ಹೇಳುತ್ತಿಲ್ಲ, ವಿಮಾನ ಹಾರಿಸುವಾಗ ಯಾರೂ ಜಗಳವಾಡುವುದಿಲ್ಲ, ನಿಯಮಗಳು ಗಟ್ಟಿಯಾಗಿವೆ. ಹತ್ತು ಸಾವಿರ ಅಡಿಗಳ ಕೆಳಗೆ ಕೆಲಸಕ್ಕೆ ಸಂಬಂಧಿಸದ ಮಾತನ್ನೇ ಆಡುವಂತಿಲ್ಲ. ಹಿಂದೆಲ್ಲ ಅದನ್ನು ದಾಟಿದ ಮೇಲೆ ಮಾತು ಶುರುವಾಗುತ್ತಿತ್ತು: ಮಕ್ಕಳ ಶಾಲೆ, ಹೆಬ್ಬಾಳದ ಟ್ರಾಫಿಕ್, ಊರಿನ ಮಳೆ. ಕಳೆದ ತಿಂಗಳು, ನಾವು ಸೇರಲಿರುವ ಸಂಸ್ಥೆಯಲ್ಲಿ ಕೆಲಸ ಮಾಡುವ ಹಳೆಯ ಗೆಳೆಯನೊಬ್ಬ ಸಿಬ್ಬಂದಿಯ ಬಸ್ಸಿನಲ್ಲಿ ಸಿಕ್ಕಿದ. ಫ್ಲೈಯಿಂಗ್ ಸ್ಕೂಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ಪಟ್ಟಿಯಲ್ಲಿ ಅವನು ನನಗಿಂತ ನಾನೂರು ಸಂಖ್ಯೆ ಮೇಲಿದ್ದಾನೆ, ನನಗಿಂತ ಮೂರು ವರ್ಷ ತಡವಾಗಿ ಕೆಲಸಕ್ಕೆ ಸೇರಿದವನು. ಇಬ್ಬರಿಗೂ ಅದು ಗೊತ್ತು, ಇಬ್ಬರೂ ಆಡಲಿಲ್ಲ. ಟರ್ಮಿನಲ್ ಬರುವವರೆಗೂ ಕಿಟಕಿ ನೋಡುತ್ತ ಕುಳಿತೆವು. ಮುಂದಿನ ವರ್ಷದಿಂದ ಅವನು ಎಡಗಡೆಯಲ್ಲಿ, ನಾನು ಬಲಗಡೆಯಲ್ಲಿ ಕೂತು ಹಾರಬೇಕು. ಒಬ್ಬರು ತಪ್ಪಿದ್ದನ್ನು ಇನ್ನೊಬ್ಬರು ಸಂಕೋಚವಿಲ್ಲದೆ ಹೇಳಬೇಕೆಂಬುದರ ಮೇಲೆ ನಮ್ಮ ಸುರಕ್ಷತೆಯ ತರಬೇತಿಯೆಲ್ಲ ನಿಂತಿದೆ. ಅಂಥ ಜಾಗದಲ್ಲಿ ಈ ಬಗೆಯ ಮೌನವನ್ನು ಒಂದು ಸಂಸ್ಥೆ ತಾನಾಗಿ ತಂದು ಕೂರಿಸುವುದು ಜಾಣತನವಲ್ಲ.

ಆದ್ದರಿಂದ ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು. ವಿಮಾನ ಸಂಸ್ಥೆಗಳ ವಿಲೀನದ ಯೋಜನೆಗೆ ನ್ಯಾಯಮಂಡಳಿ ಅಂತಿಮ ಒಪ್ಪಿಗೆ ಕೊಡುವ ಮುನ್ನ, ಜ್ಯೇಷ್ಠತೆಯನ್ನು ಕೂಡಿಸುವ ವಿಧಾನವನ್ನು ಎರಡೂ ಕಡೆಯ ನೌಕರರ ಪ್ರತಿನಿಧಿಗಳು ಮಾತುಕತೆಯಿಂದ ನಿರ್ಧರಿಸಬೇಕು, ಆಗದಿದ್ದರೆ ಸ್ವತಂತ್ರ ಮಧ್ಯಸ್ಥಗಾರರು ನಿರ್ಧರಿಸಬೇಕು ಎಂಬ ಕಾನೂನು ಬೇಕು. ಸರ್ಕಾರ ತರದಿದ್ದರೆ ತಮ್ಮಲ್ಲೊಬ್ಬರು ಖಾಸಗಿ ಸದಸ್ಯರ ಮಸೂದೆಯಾಗಿಯಾದರೂ ಮಂಡಿಸಬೇಕೆಂದು ಕೇಳಿಕೊಳ್ಳುತ್ತೇವೆ. ಅಂಥ ಮಸೂದೆಗಳು ಅಂಗೀಕಾರವಾಗುವುದು ಅಪರೂಪವೆಂದು ನಮಗೆ ಗೊತ್ತು, ಚರ್ಚೆಯಾದರೂ ದಾಖಲಾಗುತ್ತದೆ. ಕಂಪನಿ ಕಾಯಿದೆಯ 232ನೆಯ ಕಲಮಿನ ವರದಿಯಲ್ಲಿ ಷೇರುದಾರರ ಸಾಲಿಗೆ ನೌಕರರು ಎಂಬ ಒಂದು ಪದ ಸೇರಿದರೆ, ನಮಗಷ್ಟೇ ಅಲ್ಲದೆ ಬೆಂಗಳೂರಿನಲ್ಲಿ ದಿನಬೆಳಗಾದರೆ ಕೈ ಬದಲಾಗುವ ನೂರಾರು ಕಂಪನಿಗಳ ನೌಕರರಿಗೂ ಉಪಯೋಗವಾಗುತ್ತದೆ. ನೋಟಿಸ್ ಅವಧಿಯ ಬಗ್ಗೆ ಡಿಜಿಸಿಎಯನ್ನು ಒಂದು ಪ್ರಶ್ನೆ ಕೇಳಿ: ಪೈಲಟ್ ಬಿಡಲು ಆರು ತಿಂಗಳು ಕಾಯಬೇಕಾದರೆ, ಅವನ ಸಂಬಳದ ಷರತ್ತು ಬದಲಿಸಲು ಕಂಪನಿಯೂ ಅಷ್ಟೇ ಕಾಯಬೇಕೆಂದು ಏಕೆ ಬರೆಯಬಾರದು?

ಈ ಮೂರೂ ಕಾಲ ಹಿಡಿಯುವ ಕೆಲಸಗಳು. ನಮ್ಮ ವಿಲೀನ ಅಷ್ಟರೊಳಗೆ ಮುಗಿದಿರುತ್ತದೆ. ತಕ್ಷಣಕ್ಕೆ ಆಗಬಹುದಾದದ್ದು ಒಂದಿದೆ. ಪಟ್ಟಿಯನ್ನು ತಾತ್ಕಾಲಿಕವೆಂದು ಘೋಷಿಸಿ, ಸೂತ್ರವನ್ನು ಬರೆದು ಪ್ರಕಟಿಸಿ, ಆಕ್ಷೇಪಣೆಗೆ ಮೂವತ್ತು ದಿನ ಕೊಟ್ಟು, ಪ್ರತಿಯೊಂದಕ್ಕೂ ಕಾರಣ ಸಹಿತ ಉತ್ತರ ಕೊಡಬೇಕೆಂದು ನಾಗರಿಕ ವಿಮಾನಯಾನ ಸಚಿವಾಲಯ ವಿಲೀನವಾಗುತ್ತಿರುವ ಸಂಸ್ಥೆಗಳಿಗೆ ಹೇಳಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಪತ್ರ ಸಾಕು. ಆ ಪತ್ರವನ್ನು ತಾವು ನಲವತ್ತು ಮಂದಿ ಪಕ್ಷಭೇದವಿಲ್ಲದೆ ಕೇಳಿದರೆ ಸಚಿವಾಲಯ ಇಲ್ಲವೆನ್ನುವುದು ಕಷ್ಟ. ತಮಗೆ ಬಿಡುವಿದ್ದಾಗ ದಾಖಲೆಗಳೊಂದಿಗೆ ಬಂದು ಭೇಟಿಯಾಗಲು ನಾವು ಕೆಲವರು ಸಿದ್ಧರಿದ್ದೇವೆ, ನಮ್ಮ ವಾರದ ವಿಶ್ರಾಂತಿಯ ದಿನಗಳಲ್ಲಿ.

ಆಕ್ಷೇಪಣೆಯನ್ನು ಯಾರಿಗೆ ಸಲ್ಲಿಸಬೇಕೆಂದು ನಮಗೆ ಬಂದ ಪಟ್ಟಿಯಲ್ಲಿ ಹೇಳಿಲ್ಲ. ಹಾಗಾಗಿ ಇದನ್ನು ತಮ್ಮ ವಿಳಾಸಕ್ಕೆ ಬರೆದಿದ್ದೇನೆ. ದಯವಿಟ್ಟು ಸ್ವೀಕೃತಿ ಕೊಡಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಫಸ್ಟ್ ಆಫೀಸರ್,
ಜ್ಯೇಷ್ಠತಾ ಸಂಖ್ಯೆ 112, ಈಗ 871